ಬಲಗಡೆ ಚಪ್ಪಟೆಯಾದ ತಲೆ, ಎಡಗಡೆ ಬಿಗಿದ ಕತ್ತು: ಒಂದು ಪ್ರಕರಣ ಅಧ್ಯಯನ

ಹನ್ನೊಂದು ವಾರದ ಗಂಡು ಮಗು. ಹಿಂದಲೆ ಬಲಗಡೆ ಚಪ್ಪಟೆಯಾಗಿದೆ, ಬಲಗಿವಿ ಮುಂದಕ್ಕೆ ಸರಿದಂತಿದೆ, ಹಣೆ ಎರಡೂ ಕಡೆ ಸಮನಾಗಿಲ್ಲ ಎಂಬುದು ತಂದೆತಾಯಿಯ ದೂರು. ಅವರ ಭಯ ಬೇರೆಯದು: ತಲೆಯ ಮೂಳೆ ಹೊತ್ತಿಗೆ ಮುಂಚೆಯೇ ಕೂಡಿಕೊಂಡುಬಿಟ್ಟಿದೆಯೇ, ಮಿದುಳಿಗೆ ಜಾಗ ಸಾಲದೆ ಹೋಗುತ್ತದೆಯೇ? ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆಂದು ಯಾರೋ ಹೇಳಿದ್ದಾರೆ, ತಲೆಯ ಆಕಾರ ತಿದ್ದುವ ಹೆಲ್ಮೆಟ್ ಹಾಕಿಸಬೇಕೆಂದು ಇನ್ಯಾರೋ.

ಇಲ್ಲಿ ಬರುವ ಮಗು ಯಾವುದೋ ಒಂದೇ ಕಡತದ್ದಲ್ಲ. ಇಂಥ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ, ಅಳತೆ, ಎಡವಟ್ಟುಗಳನ್ನು ಒಂದೆಡೆ ತಂದು ಕಟ್ಟಿದ ಮಾದರಿ ಪ್ರಕರಣ ಇದು.

ಹಿನ್ನೆಲೆ

ಚೊಚ್ಚಲ ಹೆರಿಗೆ, 38 ವಾರ ತುಂಬಿತ್ತು. ಕೊನೆಯ ಒಂದೂವರೆ ತಿಂಗಳು ಮಗುವಿನ ತಲೆ ಕಿಬ್ಬೊಟ್ಟೆಯಲ್ಲಿ ಒಂದೇ ಕಡೆ ಸಿಕ್ಕಿಕೊಂಡಂತಿತ್ತು. ಹುಟ್ಟಿದಾಗ ತೂಕ 3.1 ಕೆಜಿ, ತಲೆಯ ಸುತ್ತಳತೆ 34.5 ಸೆಂ.ಮೀ. ಮೊದಲ ವಾರ ತಲೆ ಸ್ವಲ್ಪ ಉದ್ದುದ್ದವಾಗಿತ್ತು, ಆಮೇಲೆ ಸರಿಹೋಯಿತು. ಅದು ಹೆರಿಗೆಯ ದಾರಿಯಲ್ಲಿ ಬುರುಡೆಯ ಎಲುಬುಗಳು ಒಂದರ ಮೇಲೊಂದು ಜಾರಿದ್ದರಿಂದ ಆಗುವಂಥದ್ದು, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಚಪ್ಪಟೆತನ ಕಣ್ಣಿಗೆ ಬಿದ್ದದ್ದು ಆರನೇ ವಾರದಲ್ಲಿ. ಈ ಕ್ರಮ ಮುಖ್ಯ. ಹುಟ್ಟುವಾಗ ದುಂಡಗಿದ್ದ ತಲೆ ಆಮೇಲೆ ಚಪ್ಪಟೆಯಾದರೆ ಒತ್ತಡದ ಕಡೆಗೆ ಬೊಟ್ಟು ತೋರಿಸುತ್ತದೆ. ಹುಟ್ಟಿದಾಗಲೇ ವಿಕಾರವಿದ್ದು ದಿನೇದಿನೇ ಹೆಚ್ಚಿದರೆ ಮೂಳೆ ಕೂಡಿಕೊಂಡ ಸಂಶಯ ಬಲವಾಗುತ್ತದೆ.

ತಂದೆತಾಯಿಯ ಫೋನಿನಲ್ಲಿದ್ದ ಚಿತ್ರಗಳನ್ನು ತಿರುವಿ ನೋಡಿದರೆ ಅರ್ಧ ರೋಗನಿರ್ಣಯ ಮುಗಿದಂತೆಯೇ. ಮಲಗಿದ್ದಾಗ, ಹಾಲು ಕುಡಿಯುವಾಗ, ಸೀಟಿನಲ್ಲಿದ್ದಾಗ, ಎಲ್ಲ ಚಿತ್ರದಲ್ಲೂ ಮುಖ ಬಲಕ್ಕೆ ತಿರುಗಿದೆ, ತಲೆ ಎಡ ಭುಜದತ್ತ ಒಂದಿಷ್ಟು ವಾಲಿದೆ.

ಪರೀಕ್ಷೆ

ಇಂಥ ತಲೆಯನ್ನು ಎದುರಿನಿಂದ ನೋಡಿ ತೀರ್ಮಾನಿಸಬಾರದು. ತಾಯಿಯ ತೊಡೆಯ ಮೇಲೆ ಮಗುವನ್ನು ಕೂರಿಸಿ, ಕೂದಲನ್ನು ನೀರಿನಿಂದ ಒದ್ದೆಮಾಡಿ ಅಂಟಿಸಿ, ನೆತ್ತಿಯ ನೇರ ಮೇಲಿನಿಂದ ನೋಡಬೇಕು. ಎರಡೂ ಕಿವಿಯ ಮೇಲೆ ಒಂದೊಂದು ಬೆರಳಿಟ್ಟುಕೊಂಡರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಕ್ಷಣ ತಿಳಿಯುತ್ತದೆ.

ಈ ಮಗುವಿನಲ್ಲಿ ಮೇಲಿನಿಂದ ಕಂಡದ್ದು ಓರೆಯಾಗಿ ತಳ್ಳಿದ ಚೌಕದ ಆಕಾರ. ಬಲ ಹಿಂದಲೆ ಚಪ್ಪಟೆ, ಬಲಗಿವಿ ಸುಮಾರು 8 ಮಿ.ಮೀ. ಮುಂದೆ, ಬಲ ಹಣೆ ಉಬ್ಬು. ಬಲಗಡೆಯ ಇಡೀ ಅರ್ಧವನ್ನು ಹಿಂದಿನಿಂದ ಯಾರೋ ಮುಂದಕ್ಕೆ ತಳ್ಳಿದಂತೆ. ಚಪ್ಪಟೆಯಾದ ಕಡೆ ಅಂಗೈಯಗಲ ಕೂದಲು ಸವೆದು ನುಣುಪಾಗಿತ್ತು. ಬುರುಡೆಯ ಎಲುಬುಗಳು ಸೇರುವ ಹೊಲಿಗೆಗೆರೆಗಳನ್ನು ಬೆರಳ ತುದಿಯಿಂದ ಸವರಿದರೆ ಎಲ್ಲಿಯೂ ಉಬ್ಬಿದ ಏಣು ಇಲ್ಲ. ನೆತ್ತಿಯ ಮೆತ್ತನೆಯ ಜಾಗ ಎರಡು ಸೆಂ.ಮೀ.ನಷ್ಟು ತೆರೆದಿದೆ, ಮಗು ಸುಮ್ಮನಿದ್ದಾಗ ಉಬ್ಬಿಲ್ಲ. ಸುತ್ತಳತೆ 39.6 ಸೆಂ.ಮೀ., ವಯಸ್ಸಿಗೆ ತಕ್ಕದ್ದು.

ಅಳೆದದ್ದು ಕ್ಯಾಲಿಪರ್‌ನಿಂದ, ಅಂದರೆ ಎರಡು ಬಿಂದುಗಳ ನಡುವಿನ ದೂರ ಅಳೆಯುವ ಇಕ್ಕಳದಂಥ ಸಾಧನದಿಂದ. ಹುಬ್ಬಿನ ಮೇಲೆ ನಡುಗೆರೆಯಿಂದ 30 ಡಿಗ್ರಿ ಓರೆಗೆ ಒಂದು ಬಿಂದು, ಅಲ್ಲಿಂದ ಎದುರು ಮೂಲೆಯ ಹಿಂದಲೆಗೆ ಒಂದು ಅಳತೆ. ಹಾಗೆಯೇ ಇನ್ನೊಂದು ಕಡೆಯಿಂದ. ಉದ್ದದ ಓರೆ 134 ಮಿ.ಮೀ., ಗಿಡ್ಡ ಓರೆ 122 ಮಿ.ಮೀ. ವ್ಯತ್ಯಾಸ 12 ಮಿ.ಮೀ. ಅದನ್ನು ಉದ್ದದ ಓರೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 9. ಸಾಮಾನ್ಯವಾಗಿ ಬಳಕೆಯಲ್ಲಿರುವ ಐದು ಹಂತದ ಮಾಪಕದಲ್ಲಿ ಶೇ. 3.5ರೊಳಗೆ ಸಹಜ, 6.25ರವರೆಗೆ ಸೌಮ್ಯ, 8.75ರವರೆಗೆ ಮಧ್ಯಮ, 11ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ಅಂದರೆ ಇದು ನಾಲ್ಕನೇ ಹಂತ. ಒಂದು ಎಚ್ಚರಿಕೆ: ಕೆಲವರು ಗಿಡ್ಡ ಓರೆಯಿಂದ ಭಾಗಿಸುತ್ತಾರೆ, ಆಗ ಅಂಕಿ ಸ್ವಲ್ಪ ಹೆಚ್ಚು ಬರುತ್ತದೆ. ಎರಡು ಕಡೆಯ ವರದಿಯನ್ನು ಪಕ್ಕಪಕ್ಕ ಇಡುವ ಮುನ್ನ ಯಾವ ಲೆಕ್ಕ ಎಂದು ಕೇಳಿಕೊಳ್ಳಬೇಕು. ಮಗು ಅಲುಗಾಡುವುದರಿಂದ ಒಂದೆರಡು ಮಿ.ಮೀ. ತಪ್ಪು ಸಹಜ. ಹೀಗಾಗಿ ಮೂರು ಸಲ ಅಳೆದು ನಡುವಿನದನ್ನು ಬರೆದುಕೊಳ್ಳುವುದು ವಾಸಿ. ಒಂದು ಮಿ.ಮೀ. ಕಡಿಮೆಯಾಯಿತೆಂದು ಹಿಗ್ಗುವುದಕ್ಕೂ ಹೆಚ್ಚಾಯಿತೆಂದು ಕುಗ್ಗುವುದಕ್ಕೂ ಅರ್ಥವಿಲ್ಲ.

ತಲೆ ಆಯಿತು, ಇನ್ನು ಕತ್ತು. ಬಹಳ ಕಡೆ ಪರೀಕ್ಷೆ ತಲೆಗೇ ನಿಂತುಬಿಡುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಒಬ್ಬರು ಎರಡೂ ಭುಜ ಹಿಡಿದು, ಇನ್ನೊಬ್ಬರು ಮೆಲ್ಲಗೆ ತಲೆ ತಿರುಗಿಸಿ ನೋಡಿದಾಗ ಬಲಕ್ಕೆ 105 ಡಿಗ್ರಿ ಸಲೀಸಾಗಿ ಹೋಯಿತು, ಅಂದರೆ ಗದ್ದ ಭುಜವನ್ನು ದಾಟಿತು. ಎಡಕ್ಕೆ 80 ಡಿಗ್ರಿಗೇ ತಡೆ. ಬಲಗಿವಿಯನ್ನು ಬಲ ಭುಜಕ್ಕೆ ಮುಟ್ಟಿಸಲು ಹೋದರೆ ಎಡ ಕತ್ತಿನಲ್ಲಿ ಹಗ್ಗದಂತೆ ಒಂದು ಬಿಗಿ ಎದ್ದು ಕಾಣುತ್ತದೆ. ಎಡಗಡೆಯ ಕತ್ತಿನ ಮಡಿಕೆ ಆಳವಾಗಿ, ಒಳಗೆ ಕೆಂಪಾಗಿ ಒದ್ದೆಯಾಗಿತ್ತು. ಆ ಸಂದಿಗೆ ಗಾಳಿಯೇ ಆಡುತ್ತಿಲ್ಲ ಎಂದರ್ಥ. ಸ್ನಾಯುವಿನಲ್ಲಿ ಗಂಟು ಸಿಗಲಿಲ್ಲ. ಎರಡು ಕಣ್ಣೂ ಬೊಂಬೆಯನ್ನು ಒಟ್ಟಿಗೆ ಹಿಂಬಾಲಿಸಿದವು, ಹಾಗಾಗಿ ಕಣ್ಣಿನ ಸ್ನಾಯುವಿನ ದೋಷಕ್ಕಾಗಿ ತಲೆ ವಾಲಿಸುತ್ತಿದೆ ಎನ್ನುವಂತಿರಲಿಲ್ಲ. ಕತ್ತು ವಾಲಿದ ಮಕ್ಕಳಲ್ಲಿ ಸೊಂಟದ ಕೀಲು ಸಡಿಲವಿರುವುದು ಉಳಿದವರಿಗಿಂತ ಹೆಚ್ಚು, ಆದ್ದರಿಂದ ಸೊಂಟದ ಅಲ್ಟ್ರಾಸೌಂಡ್ ಮಾಡಿಸಲಾಯಿತು. ಸಹಜವಿತ್ತು.

ಏನು, ಏಕೆ

ಎಡಗಡೆಯ ಕತ್ತಿನ ಸ್ನಾಯು ಬಿಗಿದರೆ ತಲೆ ಎಡಕ್ಕೆ ವಾಲುತ್ತದೆ, ಮುಖ ಮಾತ್ರ ಬಲಕ್ಕೆ ತಿರುಗುತ್ತದೆ. ಕಿವಿಯ ಹಿಂದಿನ ಮೂಳೆಯಿಂದ ಓರೆಯಾಗಿ ಎದೆಯ ಮೂಳೆಗೆ ಇಳಿಯುವ ಸ್ನಾಯು ಅದು. ಮೊಟಕಾದರೆ ತನ್ನ ಕಡೆಯ ಕಿವಿಯನ್ನು ಕೆಳಗೆಳೆದು ಗದ್ದವನ್ನು ಆಚೆ ಕಡೆಗೆ ದೂಡುತ್ತದೆ. ಮುಖ ಬಲಕ್ಕೆ ತಿರುಗಿದ ಮಗು ಅಂಗಾತ ಮಲಗಿದರೆ ಭಾರವೆಲ್ಲ ಬಲ ಹಿಂದಲೆಯ ಮೇಲೆ. ಹೀಗೆ ಚಪ್ಪಟೆ ಒಂದು ಕಡೆ, ಅದರ ಕಾರಣ ಇನ್ನೊಂದು ಕಡೆ.

ಬುರುಡೆಗೆ ಆಕಾರ ಕೊಡುವುದು ಒಳಗಿನಿಂದ ಬೆಳೆಯುವ ಮಿದುಳು. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಹೆಚ್ಚುತ್ತದೆ, ಆಮೇಲಿನ ಮೂರು ತಿಂಗಳು 1 ಸೆಂ.ಮೀ., ಅಲ್ಲಿಂದ ವರ್ಷದವರೆಗೆ ಅರ್ಧ ಸೆಂ.ಮೀ. ಹಿಂದಲೆಯ ಒಂದು ಮೂಲೆಯನ್ನು ಹಾಸಿಗೆ ತಡೆದರೆ ಬೆಳವಣಿಗೆ ತಡೆಯಿಲ್ಲದ ಕಡೆಗೆ ಹರಿಯುತ್ತದೆ. ಮಿದುಳು ಕುಗ್ಗುವುದಿಲ್ಲ, ಜಾಗ ಬದಲಿಸಿಕೊಳ್ಳುತ್ತದೆ ಅಷ್ಟೆ. ಒಮ್ಮೆ ಚಪ್ಪಟೆಯಾದರೆ ತಲೆ ಉರುಳಿ ಅದೇ ಮಗ್ಗುಲಿಗೆ ಬಂದು ನಿಲ್ಲುತ್ತದೆ, ಚಪ್ಪಟೆ ಇನ್ನಷ್ಟು ಹಿಗ್ಗುತ್ತದೆ. ಕೆಡಿಸುವ ವೇಗವೂ ಸರಿಪಡಿಸುವ ವೇಗವೂ ಮೊದಲ ಆರು ತಿಂಗಳಲ್ಲೇ ಹೆಚ್ಚು. ಕಾದು ನೋಡೋಣ ಎಂದು ಕತ್ತನ್ನು ಮುಟ್ಟದೆ ಬಿಡುವುದು ಈ ವಯಸ್ಸಿನಲ್ಲಿ ದುಬಾರಿ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸಿ ಎಂದು ಹೇಳಿದ ಮೇಲೆ ನಿದ್ದೆಯಲ್ಲಿ ಆಗುವ ದಿಢೀರ್ ಶಿಶುಮರಣ ಅಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಚಪ್ಪಟೆ ತಲೆಗಳ ಸಂಖ್ಯೆ ಏರಿತು. ಇದನ್ನು ಓದಿ ಮಗುವನ್ನು ಬೋರಲು ಮಲಗಿಸಿ ನಿದ್ದೆಮಾಡಿಸುವವರಿದ್ದಾರೆ. ಅದು ಸಲ್ಲದು. ಚಪ್ಪಟೆ ತಲೆಯನ್ನು ತಿದ್ದಬಹುದು. ನಿದ್ದೆ ಅಂಗಾತವೇ ಇರಲಿ, ಎಚ್ಚರದ ಹೊತ್ತು ಬೋರಲಿರಲಿ.

ಮೂಳೆ ಕೂಡಿಕೊಂಡಿರಬಹುದೇ?

ಬುರುಡೆಯ ಹೊಲಿಗೆ ಹೊತ್ತಿಗೆ ಮುಂಚೆ ಕೂಡುವ ಕ್ರೇನಿಯೋಸಿನೊಸ್ಟೋಸಿಸ್ ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಜರ್ಮನಿಯ ವೈದ್ಯ ರೂಡಾಲ್ಫ್ ವಿರ್ಚೊ 1851ರಲ್ಲಿ ಹೇಳಿದ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: ಕೂಡಿದ ಹೊಲಿಗೆಗೆ ಅಡ್ಡಲಾಗಿ ಬೆಳವಣಿಗೆ ನಿಲ್ಲುತ್ತದೆ, ಅದರ ಉದ್ದಕ್ಕೆ ಹೆಚ್ಚುತ್ತದೆ. ನಡುನೆತ್ತಿಯ ಹೊಲಿಗೆ ಕೂಡಿದರೆ ತಲೆ ದೋಣಿಯಂತೆ ಉದ್ದ ಮತ್ತು ಕಿರಿದು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಹಣೆಯ ನಡುವಿನದು ಕೂಡಿದರೆ ಮೇಲಿನಿಂದ ತ್ರಿಕೋನ. ಹಣೆಯ ಒಂದು ಪಕ್ಕದ್ದು ಕೂಡಿದರೆ ಆ ಕಡೆ ಹಣೆ ತಗ್ಗಿ, ಕಣ್ಣಿನ ಗೂಡು ಮೇಲಕ್ಕೆಳೆದಂತಾಗಿ, ಮೂಗಿನ ಬುಡ ಅತ್ತ ಓಲುತ್ತದೆ.

ಈ ಮಗುವಿನೊಡನೆ ಗೊಂದಲವಾಗಬಲ್ಲದ್ದು ಹಿಂದಲೆಯ ಒಂದು ಪಕ್ಕದ ಹೊಲಿಗೆ, ಲ್ಯಾಂಬ್ಡಾಯ್ಡ್. ಅದು ಕೂಡುವುದು ಬಲು ವಿರಳ. ಅದರಲ್ಲೂ ಹಿಂದಲೆ ಒಂದು ಕಡೆ ಚಪ್ಪಟೆಯೇ. ಆದರೆ ಆ ಕಡೆಯ ಕಿವಿ ಹಿಂದಕ್ಕೂ ಕೆಳಕ್ಕೂ ಎಳೆದುಕೊಳ್ಳುತ್ತದೆ, ಕಿವಿಯ ಹಿಂದಿನ ಮೂಳೆ ದಪ್ಪಗೆ ಉಬ್ಬುತ್ತದೆ, ಹಿಂದಿನಿಂದ ನೋಡಿದರೆ ಬುರುಡೆಯ ತಳವೇ ಓರೆ. ನಮ್ಮ ಮಗುವಿನಲ್ಲಿ ಕಿವಿ ಮುಂದೆ, ಬುರುಡೆಯ ತಳ ಸಮ, ಹೊಲಿಗೆಯಲ್ಲಿ ಏಣು ಇಲ್ಲ. ಹಾಗಾಗಿ ಸಿ.ಟಿ. ಸ್ಕ್ಯಾನ್ ಮಾಡಿಸಲಿಲ್ಲ. ಕೈ ಮತ್ತು ಕಣ್ಣಿಗೆ ತಿಳಿಯುವುದನ್ನು ತಿಳಿಯಲು ಎಳೆಯ ಮಿದುಳಿಗೆ ವಿಕಿರಣ ಕೊಡಬೇಕಾಗಿಲ್ಲ. ಸಂಶಯ ಉಳಿದಿದ್ದರೆ ಪಳಗಿದವರ ಕೈಯಲ್ಲಿ ಹೊಲಿಗೆಯ ಅಲ್ಟ್ರಾಸೌಂಡ್, ಅದರ ಮೇಲೂ ಬೇಕಾದರೆ ಸಿ.ಟಿ.

ಹೊಲಿಗೆ ಕೂಡಿದ್ದೇ ಆಗಿದ್ದರೆ ಮಲಗುವ ಭಂಗಿ, ವ್ಯಾಯಾಮ ಯಾವುದೂ ನಾಟುತ್ತಿರಲಿಲ್ಲ. ದಾರಿ ಶಸ್ತ್ರಚಿಕಿತ್ಸೆಯೇ. ಸಣ್ಣ ಸೀಳಿನಲ್ಲಿ ಎಂಡೋಸ್ಕೋಪ್ ತೂರಿಸಿ ಕೂಡಿದ ಮೂಳೆಯ ಪಟ್ಟಿ ತೆಗೆಯುವ ಬಗೆ ಮೂರು–ನಾಲ್ಕು ತಿಂಗಳೊಳಗೆ ಚೆನ್ನ, ನಂತರ ಹೆಲ್ಮೆಟ್ ಬೇಕು. ಬುರುಡೆ ತೆರೆದು ಮರುಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ. ಈ ಗಡುವಿನ ಕಾರಣಕ್ಕೇ ಸಂಶಯ ಬಂದ ವಾರದಲ್ಲೇ ತಜ್ಞರಿಗೆ ಕಳಿಸಬೇಕು.

ಚಿಕಿತ್ಸೆ: ಮೊದಲು ಕತ್ತು

ಯೋಜನೆಯ ಮುಖ್ಯಭಾಗ ಫಿಸಿಯೋಥೆರಪಿ. ಮೊದಮೊದಲು ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಬಳಿ, ಉಳಿದದ್ದೆಲ್ಲ ಮನೆಯಲ್ಲಿ.

ಮೊದಲ ಎಳೆತ ತಿರುಗಿಸುವುದು. ಮಗು ಅಂಗಾತ, ಒಂದು ಅಂಗೈ ಎಡ ಭುಜದ ಮೇಲೆ, ಅದನ್ನು ಹಾಸಿಗೆಗೆ ತಾಗಿಸಿ ಹಿಡಿಯುವಷ್ಟೇ ಒತ್ತಡ. ಇನ್ನೊಂದು ಅಂಗೈ ಬಲಗೆನ್ನೆ–ತಲೆಯನ್ನು ಬಟ್ಟಲಿನಂತೆ ಹಿಡಿದು ಗದ್ದವನ್ನು ಎಡ ಭುಜದತ್ತ ಒಯ್ಯುತ್ತದೆ. ತಡೆ ಸಿಕ್ಕಲ್ಲಿ ನಿಲ್ಲಿಸಿ 10ರಿಂದ 30 ಸೆಕೆಂಡು. ಎರಡನೆಯದು ವಾಲಿಸುವುದು: ಎಡ ಭುಜ ಹಿಡಿದೇ ಬಲಗಿವಿಯನ್ನು ಬಲ ಭುಜದತ್ತ. ಒಂದೊಂದೂ ಮೂರು ಸಲ, ದಿನಕ್ಕೆ ಐದಾರು ಹೊತ್ತು. ಡೈಪರ್ ಬದಲಿಸುವಾಗಲೆಲ್ಲ ಎಂದುಕೊಂಡರೆ ಮರೆಯುವುದಿಲ್ಲ. ಮಗು ಸೆಟೆದು ಪ್ರತಿಭಟಿಸಿದರೆ ಬಿಡಬೇಕು. ಸೆಟೆದ ಸ್ನಾಯು ಉದ್ದವಾಗುವುದಿಲ್ಲ. ಉಸಿರು, ಮುಖದ ಬಣ್ಣ ಬದಲಾದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಎತ್ತಿಕೊಳ್ಳುವುದನ್ನೇ ಎಳೆತವಾಗಿಸಬಹುದು. ಮಗುವಿನ ಬೆನ್ನು ನಮ್ಮ ಎದೆಗೆ, ಮಗು ಎಡ ಮಗ್ಗುಲಾಗಿ ಮಲಗಿದಂತೆ. ನಮ್ಮ ಎಡ ಮುಂಗೈ ಅದರ ಎಡಗಿವಿಗೂ ಎಡ ಭುಜಕ್ಕೂ ನಡುವೆ ಬೆಣೆಯಂತೆ. ಬಲಗೈ ಕಾಲುಗಳ ನಡುವಿನಿಂದ ಆಧಾರ. ಮನೆ ತುಂಬ ಓಡಾಡುತ್ತ ಹೀಗೆ ಹತ್ತು ನಿಮಿಷ ಹಿಡಿದರೆ ಮಗು ಅಳುವುದೂ ಇಲ್ಲ, ಬಿಗಿ ಸಡಿಲುವುದೂ ಉಂಟು.

ಹಾಲು ಕುಡಿಸುವಾಗ, ಆಟಿಕೆ ತೋರಿಸುವಾಗ, ಮಾತಾಡಿಸುವಾಗ ಎಲ್ಲ ಆಕರ್ಷಣೆಯೂ ಎಡಗಡೆಯಿಂದ. ಮಂಚದಲ್ಲಿ ತಲೆ–ಕಾಲಿನ ದಿಕ್ಕು ಬದಲಿಸಿ, ಬಾಗಿಲು–ಬೆಳಕು ಎಡಕ್ಕೆ ಬರುವಂತೆ ಮಲಗಿಸಬೇಕು. ನಿದ್ದೆ ಹತ್ತಿದ ಮೇಲೆ ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿಟ್ಟರೆ ಭಾರ ಎಡ ಹಿಂದಲೆಗೆ ಹೋಗುತ್ತದೆ, ಬಲಕ್ಕೆ ಬಿಡುವು ಸಿಗುತ್ತದೆ.

ಬೋರಲು ಹಾಕುವುದು ಎಚ್ಚರವಿದ್ದಾಗ, ಕಣ್ಣೆದುರಲ್ಲಿ ಮಾತ್ರ. ಮೂರು ನಿಮಿಷದಂತೆ ದಿನಕ್ಕೆ ಐದು ಸಲದಿಂದ ಶುರುಮಾಡಿ ನಾಲ್ಕು ವಾರದಲ್ಲಿ ಒಟ್ಟು 40 ನಿಮಿಷಕ್ಕೆ ಏರಿಸುವುದು ಗುರಿ. ನೆಲ ಒಗ್ಗದ ಮಗುವಿಗೆ ದೊಡ್ಡವರ ಎದೆಯೇ ನೆಲ.

ತಲೆ ದುಂಡಗೆ ಮಾಡುವ ದಿಂಬು ಬೇಡ ಎಂದು ಮೊದಲ ದಿನವೇ ಹೇಳಲಾಯಿತು. ನಿದ್ದೆಯಲ್ಲಿ ಮುಖ ಹೂತು ಉಸಿರುಗಟ್ಟುವ ಅಪಾಯವಿದೆ, ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2022ರಲ್ಲಿ ಇಂಥ ದಿಂಬುಗಳ ವಿರುದ್ಧ ಎಚ್ಚರಿಸಿತು. ಕೈಯಿಂದ ಒತ್ತಿ ತಲೆ ತೀಡುವುದರಿಂದಲೂ ಪ್ರಯೋಜನವಿಲ್ಲ. ಗಂಟೆಗಟ್ಟಲೆ ಹಾಸಿಗೆ ಒತ್ತಿದ್ದನ್ನು ಎರಡು ನಿಮಿಷದ ಕೈ ತಿದ್ದಲಾರದು.

ಸುಧಾರಣೆ, ಆಮೇಲೆ ನಿಂತ ಗಾಡಿ

15ನೇ ವಾರ: ಎಡಕ್ಕೆ ತಿರುಗುವುದು 95 ಡಿಗ್ರಿ. ಸುತ್ತಳತೆ 41.2 ಸೆಂ.ಮೀ. ಓರೆ ಅಳತೆ 138 ಮತ್ತು 128, ಅಂದರೆ ಶೇ. 7.2. ಎಲ್ಲರಿಗೂ ಸಮಾಧಾನ.

19ನೇ ವಾರ: ಸುತ್ತಳತೆ 42.1. ಓರೆ 141 ಮತ್ತು 131, ಶೇ. 7.1. ತಲೆ ಬೆಳೆದಿದೆ, ಎರಡು ಓರೆಗಳ ವ್ಯತ್ಯಾಸ ಮಾತ್ರ ಅಲ್ಲೇ. ಕತ್ತಿನ ತಿರುಗು 95ರಲ್ಲೇ ನಿಂತಿದೆ.

ಇಂಥ ಹೊತ್ತಿನಲ್ಲಿ ಹೆಲ್ಮೆಟ್‌ಗೆ ಹಾರುವ ಮುನ್ನ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ಮಾಡಿಸಿ ನೋಡಬೇಕು, ಬರೀ ಕೇಳಿದರೆ ಸಾಲದು. "ವ್ಯಾಯಾಮ ಮಾಡುತ್ತಿದ್ದೀರಾ?" ಎಂದರೆ ಉತ್ತರ ಯಾವಾಗಲೂ ಹೌದು. ತಾಯಿ ಮಾಡಿ ತೋರಿಸಿದಾಗ ಗುಟ್ಟು ರಟ್ಟಾಯಿತು: ತಲೆ ಎಡಕ್ಕೆ ತಿರುಗುತ್ತಿದ್ದಂತೆ ಬಲ ಭುಜ ಹಾಸಿಗೆಯಿಂದ ಎದ್ದು ಇಡೀ ಮೈ ಹಿಂದೆಯೇ ಉರುಳುತ್ತಿತ್ತು. ಕತ್ತು ಎಳೆದುಕೊಳ್ಳುತ್ತಲೇ ಇರಲಿಲ್ಲ. ಮೂರು ತಿಂಗಳು ದಾಟಿದ ಮಗುವಿಗೆ ಮೈ ಹೊರಳಿಸುವ ಶಕ್ತಿ ಬಂದಿರುತ್ತದೆ. ಮೊದಲು ಒಂದು ಭುಜ ಹಿಡಿದರೆ ಸಾಕಾಗಿದ್ದ ಕಡೆ ಈಗ ಎರಡನ್ನೂ ಹಿಡಿಯಬೇಕು, ಅದಕ್ಕೆ ಎರಡನೆಯವರು ಬೇಕು.

ಎರಡನೇ ಕಾರಣ ಸೀಟು. ಕಾರಿನ ಸೀಟಿನಲ್ಲಿ ನಿದ್ದೆಹೋದ ಮಗುವನ್ನು ಎಬ್ಬಿಸಬಾರದೆಂದು ಮನೆಯೊಳಗೂ ಅದರಲ್ಲೇ ಬಿಡುತ್ತಿದ್ದರು. ತೂಗುವ ಸೀಟೂ ಸೇರಿ ದಿನಕ್ಕೆ ಮೂರು ಗಂಟೆ ಮೀರಿತ್ತು. ಎರಡರಲ್ಲೂ ತಲೆ ತನ್ನ ಹಳೇ ಗುಳಿಗೇ ಬಂದು ಕೂರುತ್ತದೆ, ಗದ್ದ ಎದೆಗೆ ತಾಗಿದರೆ ಉಸಿರಿಗೂ ತೊಂದರೆ. ಕಾರಿನ ಸೀಟು ಕಾರಿಗೆ ಮಾತ್ರ. ಮೂರನೆಯದು, ಹಾಲಾದ ಕೂಡಲೇ ಬೋರಲು ಹಾಕಿ, ಎರಡು ಸಲ ಕಕ್ಕಿದ ಮೇಲೆ ಬೋರಲು ಹಾಕುವುದನ್ನೇ ಬಿಟ್ಟಿದ್ದರು. ಹಾಲಾದ ಮೇಲೆ ಅರ್ಧ ಗಂಟೆ ಬಿಟ್ಟು, ಡೈಪರ್ ಬದಲಿಸಿದ ಬೆನ್ನಿಗೇ ಹಾಕುವಂತೆ ಹೊತ್ತು ಬದಲಾಯಿಸಲಾಯಿತು.

ಇಲ್ಲಿಂದ ಬಲ ತುಂಬುವ ವ್ಯಾಯಾಮವೂ ಸೇರಿತು. ಮಗುವಿನ ಪಕ್ಕೆ ಹಿಡಿದು ನೆಟ್ಟಗೆ ಎತ್ತಿ, ಮೈಯನ್ನು ಎಡಕ್ಕೆ ಓರೆಮಾಡಿದರೆ ಮಗು ತಲೆಯನ್ನು ನೇರ ಇಟ್ಟುಕೊಳ್ಳಲು ಬಲಗಡೆಯ ಸೋತ ಸ್ನಾಯುಗಳಿಂದ ಎತ್ತಲೇಬೇಕು. ಐದು ಸೆಕೆಂಡು, ಐದು ಸಲ. ಎಳೆದದ್ದು ನಿಲ್ಲಬೇಕಾದರೆ ಎದುರು ಕಡೆಗೆ ಬಲ ಬರಬೇಕು. ಬರೀ ಎಳೆದು ಬಿಟ್ಟರೆ ವಾಲಿಕೆ ಮರಳುತ್ತದೆ.

ಹೆಲ್ಮೆಟ್ ವಿಚಾರ

ಹೆಲ್ಮೆಟ್ ತಲೆಯನ್ನು ಒತ್ತುವುದಿಲ್ಲ. ಉಬ್ಬಿದ ಕಡೆ ತಾಗಿ ನಿಲ್ಲುತ್ತದೆ, ಚಪ್ಪಟೆಯಾದ ಕಡೆ ಖಾಲಿ ಜಾಗ ಬಿಡುತ್ತದೆ. ಬೆಳೆಯುವ ತಲೆ ಆ ಖಾಲಿಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಬೆಳವಣಿಗೆ ಇರುವಾಗಲೇ, ನಾಲ್ಕರಿಂದ ಏಳೆಂಟು ತಿಂಗಳೊಳಗೆ ಹಾಕಿದರೆ ಫಲ. ವರ್ಷ ದಾಟಿದರೆ ಸಿಗುವುದು ಅತ್ಯಲ್ಪ. ದಿನಕ್ಕೆ 23 ಗಂಟೆ, ಮೂರರಿಂದ ಆರು ತಿಂಗಳು, ಒಂದೆರಡು ವಾರಕ್ಕೊಮ್ಮೆ ಒಳಗಿನ ಫೋಮ್ ಕೆತ್ತಿಸಿಕೊಳ್ಳಬೇಕು. ಬೆವರು, ವಾಸನೆ, ಚರ್ಮ ಕೆಂಪಾಗುವುದು ಸಾಮಾನ್ಯ. ತೆಗೆದು ಒಂದು ಗಂಟೆಯಾದರೂ ಕೆಂಪು ಇಳಿಯದಿದ್ದರೆ ಅಲ್ಲಿ ಒತ್ತುತ್ತಿದೆ, ಕೆತ್ತಿಸಲೇಬೇಕು.

ನೆದರ್ಲೆಂಡ್ಸ್‌ನಲ್ಲಿ 84 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಎರಡು ವರ್ಷದ ವಯಸ್ಸಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಸರಿಹೋದವರು ಶೇ. 26 ಮತ್ತು ಶೇ. 23. ಹೆಲ್ಮೆಟ್ ಬೇಡವೆನ್ನುವವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಕತ್ತು ವಾಲಿದ ಮಕ್ಕಳನ್ನೂ ಅತಿ ತೀವ್ರ ವಿಕಾರವಿದ್ದವರನ್ನೂ ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ. ಅದರ ಫಲಿತಾಂಶವನ್ನು ಈ ಮಗುವಿಗೆ ಹಾಗೇ ಹೊದಿಸಲು ಬರುವುದಿಲ್ಲ.

19ನೇ ವಾರದಲ್ಲಿ ತೆಗೆದುಕೊಂಡ ತೀರ್ಮಾನ: ನಾಲ್ಕು ವಾರ ಸರಿಯಾದ ವ್ಯಾಯಾಮ, ಆಮೇಲೂ ಶೇ. 7ರ ಆಸುಪಾಸಿನಲ್ಲೇ ಇದ್ದರೆ ಹೆಲ್ಮೆಟ್. ಆಗಲೂ ವಯಸ್ಸು ಐದೂವರೆ ತಿಂಗಳೊಳಗೇ ಇರುತ್ತದೆ, ಹೊತ್ತು ಮೀರಿರುವುದಿಲ್ಲ. ಇದೇ ಮಗು ಏಳು ತಿಂಗಳಿಗೆ ಶೇ. 9ರೊಂದಿಗೆ ಬಂದಿದ್ದರೆ ಹೀಗೆ ಕಾಯುವುದು ತಪ್ಪಾಗುತ್ತಿತ್ತು.

23ನೇ ವಾರಕ್ಕೆ ಎಡಕ್ಕೆ ತಿರುಗುವುದು 102 ಡಿಗ್ರಿ, ಓರೆ 143 ಮತ್ತು 135, ಶೇ. 5.6. ಮಗು ಮಗುಚಿಕೊಳ್ಳಲು ಕಲಿತಿತ್ತು, ರಾತ್ರಿಯಿಡೀ ಒಂದೇ ಮಗ್ಗುಲಿಗೆ ಅಂಟಿಕೊಂಡಿರುವುದು ತಪ್ಪಿತು. ಹೆಲ್ಮೆಟ್ ಮಾತು ಅಲ್ಲಿಗೆ ಬಿಟ್ಟಿತು.

ಎಂಟು ತಿಂಗಳು, ಹನ್ನೆರಡು ತಿಂಗಳು

ಎಂಟು ತಿಂಗಳಿಗೆ ಆಧಾರವಿಲ್ಲದೆ ಕೂರುತ್ತಿತ್ತು. ಓರೆ 147 ಮತ್ತು 141, ಶೇ. 4.1. ಹನ್ನೆರಡು ತಿಂಗಳಿಗೆ 151 ಮತ್ತು 146, ಶೇ. 3.3, ಸುತ್ತಳತೆ 46.1 ಸೆಂ.ಮೀ. ಮಿ.ಮೀ. ಲೆಕ್ಕದಲ್ಲಿ 12 ಇದ್ದದ್ದು 5 ಆಗಿದೆ, ಪೂರ್ತಿ ಹೋಗಿಲ್ಲ. ಕೂದಲು ಒದ್ದೆಯಾದಾಗ ಬಲ ಹಿಂದಲೆ ಇನ್ನೂ ಒಂದಿಷ್ಟು ಸಪಾಟು ಕಾಣುತ್ತದೆ, ಬಲಗಿವಿ ಎರಡು–ಮೂರು ಮಿ.ಮೀ. ಮುಂದೆಯೇ ಇದೆ. ಕನ್ನಡಕ ಹಾಕುವ ವಯಸ್ಸಿನಲ್ಲಿ ಕಡ್ಡಿ ಸ್ವಲ್ಪ ಬಾಗಿಸಬೇಕಾದೀತು. ಇದನ್ನು ತಂದೆತಾಯಿಗೆ ಮೊದಲೇ ಹೇಳಿಟ್ಟಿರಬೇಕು. ಪೂರ್ತಿ ದುಂಡಗಾಗುತ್ತದೆಂದು ಭರವಸೆ ಕೊಟ್ಟರೆ ಒಳ್ಳೆಯ ಫಲಿತಾಂಶವೂ ಸೋಲಿನಂತೆ ಕಾಣುತ್ತದೆ.

ಚಪ್ಪಟೆ ತಲೆಯ ಮಕ್ಕಳಲ್ಲಿ ಮೈಕೈ ಚಟುವಟಿಕೆ ತಡವಾಗುವುದು ಸ್ವಲ್ಪ ಹೆಚ್ಚು. ಚಪ್ಪಟೆತನವೇ ಅದಕ್ಕೆ ಕಾರಣವೆಂದಲ್ಲ. ಕಡಿಮೆ ಅಲುಗಾಡುವ ಮಗುವಿನ ತಲೆ ಬೇಗ ಚಪ್ಪಟೆಯಾಗುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲೂ ತಲೆಯ ಜತೆ ಕತ್ತು ನಿಲ್ಲಿಸುವುದು, ಮಗುಚುವುದು, ಕೂರುವುದು, ಎರಡೂ ಕೈಯಿಂದ ಸಮನಾಗಿ ಹಿಡಿಯುವುದನ್ನು ಬರೆದುಕೊಳ್ಳಲಾಯಿತು. ಎಲ್ಲವೂ ಹೊತ್ತಿಗೆ ಬಂದವು. ಯಾವ ಭೇಟಿಯಲ್ಲಾದರೂ ಸುತ್ತಳತೆ ತನ್ನ ಗೆರೆ ಬಿಟ್ಟು ಜಿಗಿದಿದ್ದರೆ ಅಥವಾ ನಿಂತಿದ್ದರೆ, ನೆತ್ತಿ ಉಬ್ಬಿದ್ದರೆ, ಕಣ್ಣು ಕೆಳಮುಖವಾಗಿ ನೆಟ್ಟಿದ್ದರೆ, ಬಿಡದೆ ವಾಂತಿಯಿದ್ದರೆ ಲೆಕ್ಕಾಚಾರವೇ ಬೇರೆಯಾಗುತ್ತಿತ್ತು. ಅದು ತಲೆಯೊಳಗಿನ ಒತ್ತಡದ ಸುಳಿವು, ಅದೇ ದಿನ ಆಸ್ಪತ್ರೆ.

ವ್ಯಾಯಾಮ ನಿಲ್ಲಿಸಿದ್ದು ಹತ್ತನೇ ತಿಂಗಳಲ್ಲಿ, ಎರಡೂ ಕಡೆಯ ತಿರುಗು ಐದು ಡಿಗ್ರಿಯೊಳಗೆ ಬಂದು, ಮಗು ಅಂಬೆಗಾಲಿಡುವಾಗಲೂ ತಲೆ ನೇರವಾಗಿ ನಿಂತ ಮೇಲೆ. ನಡಿಗೆ ಕಲಿಯುವ ವಾರಗಳಲ್ಲಿ, ಜ್ವರ ಬಂದಾಗ, ದಣಿದ ಸಂಜೆಗಳಲ್ಲಿ ತಲೆ ಎಡಕ್ಕೆ ಮತ್ತೆ ಒಂದಿಷ್ಟು ವಾಲಬಹುದು. ನಿದ್ದೆ ಮಾಡಿ ಎದ್ದ ಮೇಲೆ ನೆಟ್ಟಗಾದರೆ ಬಿಟ್ಟುಬಿಡಬಹುದು. ಎರಡು ವಾರ ಹಾಗೇ ಉಳಿದರೆ ಕತ್ತನ್ನು ಮತ್ತೊಮ್ಮೆ ಅಳೆಸಬೇಕು.